ಬರೆ ಹಿಡಿಯುವ ಹುಲ್ಲು ಎಂಬ ನಂಬಿಕೆ

ಮೇ ತಿಂಗಳು ಮುಗಿಯುತ್ತ ಬಂದರೆ ಸಾಕು, ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ಒಂದು ಉಪದೇಶ ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತದೆ: ಮನೆ ಹಿಂದಿನ ಬರೆಗೆ, ಅಂದರೆ ಗುಡ್ಡ ಕಡಿದ ಮಣ್ಣಿನ ಗೋಡೆಗೆ, ಲಾವಂಚ ನೆಡಿ, ಗುಡ್ಡ ಜರಿಯುವ ಭಯವೇ ಇಲ್ಲ. ಜನ ನಂಬುತ್ತಾರೆ, ಯಾಕೆಂದರೆ ಈ ನಂಬಿಕೆ ಅಗ್ಗ. ಜೆಸಿಬಿ ತರಿಸಿ ಗುಡ್ಡವನ್ನು ಮೂವತ್ತು ಅಡಿ ನೆಟ್ಟಗೆ ಕಡಿದು, ಅದರ ಬುಡಕ್ಕೇ ಅಡುಗೆಮನೆ ಕಟ್ಟಿ, ಮೇಲಂಚಿನಲ್ಲಿ ನಾಲ್ಕು ಬುಡ ಹುಲ್ಲು ಊರಿ ನಿಶ್ಚಿಂತೆಯಿಂದ ಮಲಗಬಹುದಾದರೆ ತಡೆಗೋಡೆಗೆ ಲಕ್ಷಗಟ್ಟಲೆ ಸುರಿಯುವವರು ಯಾರು? ನನ್ನ ತಕರಾರು ಹುಲ್ಲಿನ ಮೇಲಲ್ಲ, ಅದರ ತಲೆಗೆ ಕಟ್ಟಿದ ಕೆಲಸದ ಮೇಲೆ.

ಲಾವಂಚದ ಬೇರು ಅಡ್ಡಕ್ಕೆ ಹಬ್ಬದೆ ನೇರ ಕೆಳಗಿಳಿಯುತ್ತದೆ, ಹದವಾದ ಮಣ್ಣು ಸಿಕ್ಕರೆ ಮೂರು ನಾಲ್ಕು ಮೀಟರ್ ಹೋಗುತ್ತದೆ. ಅಷ್ಟು ನಿಜ. ಆದರೆ ನಮ್ಮ ಗುಡ್ಡದಲ್ಲಿ ಮೇಲಿರುವುದು ಮುರಕಲ್ಲು, ಅದರಡಿ ಬಿಳಿ, ಹಳದಿ, ನಸುಗೆಂಪು ಬಣ್ಣದ ಶೇಡಿ ಮಣ್ಣು. ಬೇಸಗೆಯಲ್ಲಿ ಕಡಿದಾಗ ಗೋಡೆಯ ಹಾಗೆ ನಿಲ್ಲುವ ಈ ಶೇಡಿ, ನೀರು ಕುಡಿದರೆ ಬೆರಳಲ್ಲಿ ಒತ್ತಿದಲ್ಲಿ ಜಾರುತ್ತದೆ. ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ವರ್ಷಕ್ಕೆ ಸುರಿಯುವ ಮಳೆ 4,000 ಮಿಲಿಮೀಟರ್ ಆಸುಪಾಸು, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಮುರಕಲ್ಲಿನ ಸಂದಿಗಳಲ್ಲಿ ಇಳಿದ ನೀರು ಶೇಡಿಯನ್ನು ದಾಟಲಾರದೆ ಅಲ್ಲೇ ತುಂಬಿಕೊಳ್ಳುತ್ತದೆ, ಬರೆಯ ಬುಡದಲ್ಲಿ ಒಸರುತ್ತದೆ, ಕೊನೆಗೆ ನೆನೆದ ಶೇಡಿ ಮೇಲಿನ ಭಾರವನ್ನು ಹೊತ್ತು ಜಾರುತ್ತದೆ. ಮೂವತ್ತು ಅಡಿ ಎಂದರೆ ಒಂಬತ್ತು ಮೀಟರ್. ಬೇರು ಕೊನೆಯಾಗುವಲ್ಲಿಂದ ಬುಡಕ್ಕೆ ಇನ್ನೂ ಐದು ಮೀಟರ್ ಬಾಕಿ. ಬರೆ ಜರಿದ ದಿನ ಲಾವಂಚವೂ ಬೇರುಸಹಿತ ಅಡುಗೆಮನೆಗೆ ಬರುತ್ತದೆ. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ, ದಿಡುಪೆ ಕಡೆ ಜರಿದದ್ದು ಬೋಳು ಗುಡ್ಡಗಳಷ್ಟೇ ಅಲ್ಲ. ದಟ್ಟ ಕಾಡಿನ ಮರಗಳೇ ದಿಮ್ಮಿಗಳಾಗಿ ಹೊಳೆಗೆ ಬಂದು ಸೇತುವೆಗಳಿಗೆ ಸಿಕ್ಕಿಕೊಂಡವು.

ಲಾವಂಚದ ಬೇರಿಗೆ ಉಕ್ಕಿನ ಆರನೇ ಒಂದು ಪಾಲು ಬಲವಿದೆಯಲ್ಲ ಎಂದು ಕೇಳುವವರಿದ್ದಾರೆ. ಎಳೆದು ಅಳೆದಾಗ ಸರಾಸರಿ 75 ಮೆಗಾಪಾಸ್ಕಲ್ ಬಂದದ್ದರಿಂದ ಹುಟ್ಟಿದ ಲೆಕ್ಕ ಅದು, ಸುಳ್ಳಲ್ಲ. ಆದರೆ ಜಾರುವ ಪದರವನ್ನು ದಾಟಿ ಕೆಳಗಿನ ಗಟ್ಟಿ ನೆಲಕ್ಕೆ ಇಳಿದ ಬೇರಿನ ಬಲ ಮಾತ್ರ ಉಪಯೋಗಕ್ಕೆ ಬರುತ್ತದೆ. ಗುಂಡ್ಲುಪೇಟೆಯ ರೈತರು ನೂರು ವರ್ಷಕ್ಕೂ ಮೇಲ್ಪಟ್ಟು ಇದನ್ನೇ ಬೆಳೆಸಿದ್ದಾರಲ್ಲ ಎಂಬುದು ಇನ್ನೊಂದು ವಾದ. ಹೌದು, ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯ 1993ರ ವರದಿಯಲ್ಲೂ ಅವರ ಪ್ರಸ್ತಾಪವಿದೆ. ಅವರು ನೆಟ್ಟದ್ದು ಇಳಿಜಾರು ಹೊಲದ ಬದುವಿಗೆ, ಹರಿದು ಹೋಗುವ ಮೇಲ್ಮಣ್ಣನ್ನು ತಡೆಯಲಿಕ್ಕೆ. ಹರಿಯುವ ನೀರಿನ ವೇಗ ಮುರಿದು ಮಣ್ಣನ್ನು ಅಲ್ಲೇ ಕೂರಿಸುವುದರಲ್ಲಿ ಈ ಹುಲ್ಲಿಗೆ ಸಾಟಿ ಕಡಿಮೆ. ಹೆದ್ದಾರಿ ಬದಿಗೂ ನೆಡುತ್ತಾರೆ, ಸರಿ. ಆದರೆ ಮೊದಲು ಬರೆಯನ್ನು ಇಳಿಜಾರು ಮಾಡಿ, ಮೆಟ್ಟಿಲು ಕಡಿದು, ಮೇಲಿನ ನೀರಿಗೆ ಕಣಿ ತೋಡಿ, ಆಮೇಲೆ ಮೇಲಿನಿಂದ ಕೆಳಗಿನವರೆಗೆ ಸಾಲು ಸಾಲಾಗಿ. ಒಂದು ಬುಡಕ್ಕೂ ಇನ್ನೊಂದಕ್ಕೂ ಹತ್ತು ಹದಿನೈದು ಸೆಂಟಿಮೀಟರ್ ಮೀರಬಾರದು. ಎಡೆ ಬಿಟ್ಟರೆ ನೀರು ಅಲ್ಲೇ ನುಗ್ಗಿ ಕೊರೆಯುತ್ತದೆ. ನಮ್ಮವರು ಮೊದಲ ಮೂರು ಕೆಲಸ ಬಿಟ್ಟು ನಾಲ್ಕನೆಯದನ್ನು, ಅದೂ ಅರ್ಧ, ಮಾಡುತ್ತಾರೆ.

ಉಳಿದ ಮಾತುಗಳಿಗೆ ಹೆಚ್ಚು ಜಾಗ ಬೇಡ. ಕಳೆಯಾಗಿ ಹಬ್ಬುತ್ತದೆ ಎಂಬ ಹೆದರಿಕೆ ಸುಳ್ಳು. ದಕ್ಷಿಣದ ತಳಿ ಮೊಳೆಯುವ ಬೀಜ ಬಿಡುವುದಿಲ್ಲ, ಬುಡ ಸೀಳಿಯೇ ನೆಡಬೇಕು. ಅಡಿಕೆ ತೋಟದೊಳಗೂ ಚೆನ್ನಾಗಿ ಬರುತ್ತದೆ ಎಂಬುದೂ ಸುಳ್ಳು. ನೆರಳಿನಲ್ಲಿ ಸೊರಗುವ ಹುಲ್ಲಿದು. ಎಲ್ಲಕ್ಕಿಂತ ಮೋಜಿನದು, ಬರೆಯೂ ಉಳಿಯುತ್ತದೆ, ಬೇರು ಮಾರಿ ಕಾಸೂ ಬರುತ್ತದೆ ಎಂಬ ಆಸೆ. ಎಣ್ಣೆಗೆ ಬೇರು ಬೇಕಾದರೆ ಹದಿನೈದು ಹದಿನೆಂಟು ತಿಂಗಳಿಗೆ ಬುಡಸಮೇತ ಅಗೆದು ತೆಗೆಯಬೇಕು. ಅಗೆದ ಮೇಲೆ ಬರೆಯಲ್ಲಿ ಉಳಿಯುವುದು ಸಡಿಲ ಮಣ್ಣು ಮಾತ್ರ. ಒಂದೇ ಸಂದೇಶದಲ್ಲಿ ಈ ಎರಡನ್ನೂ ಓದಿ ಕೈಮುಗಿದ ಚಿತ್ರ ಒತ್ತುವವರು ಕಡಿಮೆಯೇನಿಲ್ಲ, ಅವರಲ್ಲಿ ಡಿಗ್ರಿ ಓದಿದವರೂ ಇದ್ದಾರೆ. ಸಸಿ ಮಾರುವವರು ಎಷ್ಟು ಬುಡ ಬೇಕು ಎನ್ನುತ್ತಾರೆ. ಬರೆ ಎಷ್ಟು ಎತ್ತರ, ಆಟಿ ತಿಂಗಳ ಮಳೆಯಲ್ಲಿ ಅದರ ಬುಡದಿಂದ ನೀರು ಒಸರುತ್ತದೆಯೇ ಎಂದು ಅವರೂ ಕೇಳುವುದಿಲ್ಲ, ಕೊಳ್ಳುವವರೂ ಹೇಳುವುದಿಲ್ಲ.