ಭಾವಚಿತ್ರಕ್ಕೆ ಯಾವ ಉಡುಗೆ?

ಸಂಕ್ರಾಂತಿಯ ಹೊತ್ತಿಗೆ ವಿಜಯಪುರದಲ್ಲಿ ಸಿದ್ಧೇಶ್ವರನ ಜಾತ್ರೆ. ತಿಕೋಟಾದ ದ್ರಾಕ್ಷಿ ತೋಟದವರಿಗೆ ಅದು ತುಸು ಉಸಿರಾಡುವ ಕಾಲ. ಅಕ್ಟೋಬರಿನ ಚಾಟಣಿ ಎಂದೋ ಮುಗಿದಿರುತ್ತದೆ, ಕೊಯ್ಲಿನ ಗಡಿಬಿಡಿ ಇನ್ನೂ ಪೂರ್ತಿ ಆರಂಭವಾಗಿರುವುದಿಲ್ಲ. ಬಬಲೇಶ್ವರಕ್ಕೆ ಕೊಟ್ಟ ಮಗಳು ಮಕ್ಕಳೊಡನೆ ತವರಿಗೆ ಬಂದಿರುತ್ತಾಳೆ. ಬೆಂಗಳೂರಿನಲ್ಲೋ ಪುಣೆಯಲ್ಲೋ ನೌಕರಿಯಲ್ಲಿರುವ ಕಿರಿಯ ಮಗನಿಗೂ ನಾಲ್ಕು ದಿನದ ರಜೆ ದೊರೆತಿರುತ್ತದೆ. ಹೀಗೆ ಮೂರು ತಲೆಮಾರು ಒಂದೇ ಸೂರಿನಡಿ ಸೇರಿದಾಗ ಯಾರಾದರೊಬ್ಬರ ಬಾಯಿಂದ ಆ ಮಾತು ಹೊರಬೀಳದೆ ಇರದು: “ಎಲ್ಲಾರೂ ಕೂಡೇವಿ, ಒಂದು ಫೋಟೊ ತೆಗಸೋಣು.”

ಅಲ್ಲಿಗೆ ಮನೆಯ ನೆಮ್ಮದಿ ಮುಗಿಯಿತೆಂದೇ ತಿಳಿಯಬೇಕು. ಕಪಾಟು ತೆರೆಯುತ್ತದೆ, ಮಂಚದ ಮೇಲೆ ಸೀರೆಗಳ ಗುಡ್ಡವೇಳುತ್ತದೆ. ಹಿರಿಯ ಸೊಸೆಗೆ ಜರಿಯಂಚಿನ ರೇಷ್ಮೆಯೇ ಆಗಬೇಕು. ಎಲ್ಲರೂ ಒಂದೇ ಬಣ್ಣದಲ್ಲಿದ್ದರೆ ಎಷ್ಟು ಚೆನ್ನ ಎಂಬುದು ಕಿರಿಯ ಸೊಸೆಯ ಹಂಬಲ; ತೆಳು ಗುಲಾಬಿಯೋ ಬಾದಾಮಿಯೋ, ಅಂಗಡಿಗೆ ಹೋದರೆ ಗೊತ್ತಾಗುತ್ತದೆ. ಮೊಮ್ಮಗನಿಗೆ ಎದೆಯ ಮೇಲೆ ಹುಲಿಯ ಮುಖವಿರುವ ಬನಿಯನ್ನು ಬಿಚ್ಚಲು ಮನಸ್ಸಿಲ್ಲ. ಅಜ್ಜ ತಮ್ಮ ಪಟಕಾ ತೆಗೆಯಲಾರೆನೆನ್ನುತ್ತಾರೆ. ಅಜ್ಜಿಯೊಬ್ಬರೇ ಪಡಸಾಲೆಯ ಮೂಲೆಯಲ್ಲಿ ಕುಳಿತು, “ನಂದೇನದ, ನೀವು ಕೊಟ್ಟಿದ್ದು ಉಟ್ಕೋತೀನಿ” ಎಂದುಬಿಡುತ್ತಾರೆ.

ಈ ಮಾತನ್ನು ಮಾತ್ರ ಯಾರೂ ನಂಬಬಾರದು. ಉಡಬೇಕೆಂದು ಮನಸ್ಸಿನಲ್ಲಿರುವ ಸೀರೆ ಟ್ರಂಕಿನ ತಳದಲ್ಲಿ, ಹಳೆಯ ಧೋತರದ ತುಂಡಿನಲ್ಲಿ ಸುತ್ತಿಕೊಂಡು ಎಷ್ಟೋ ವರ್ಷಗಳಿಂದ ಕಾಯುತ್ತಿರುತ್ತದೆ. ಕೇಳುವವರು ಬೇಕು, ಅಷ್ಟೆ.

ಎಲ್ಲರಿಗೂ ಒಂದೇ ಬಣ್ಣದ ಉಡುಗೆ ತೊಡಿಸುವ ಪದ್ಧತಿ ಈಚಿನ ವರ್ಷಗಳಲ್ಲಿ ನಗರದ ಮನೆಗಳಿಗೆ ಬಂದಿದೆ. ಅದರಲ್ಲಿ ಒಂದು ಅಂದವಿಲ್ಲವೆಂದು ಹೇಳಲಾಗದು. ಕಣ್ಣಿಗೆ ಸಲೀಸು, ಛಾಯಾಗ್ರಾಹಕನಿಗಂತೂ ಇನ್ನೂ ಸಲೀಸು. ಆದರೆ ಹನ್ನೆರಡು ಜನ ಒಂದೇ ತಾನಿನಿಂದ ಹೊರಬಂದವರಂತೆ ನಿಂತಾಗ, ದೂರದಿಂದ ನೋಡಿದವರಿಗೆ ಮದುವೆಯ ಬ್ಯಾಂಡಿನವರ ನೆನಪಾದರೆ ಅವರನ್ನು ದೂರುವಂತಿಲ್ಲ. ಅಷ್ಟಾದರೆ ಹಾಸ್ಯಕ್ಕೆ ಬಿಡಬಹುದಿತ್ತು. ಜೀವಮಾನದಲ್ಲಿ ಎಂದೂ ತೊಡದ ತೆಳು ಗುಲಾಬಿಯನ್ನು ಎಪ್ಪತ್ತೈದರ ಅಜ್ಜಿಗೆ ಸುತ್ತಿ ಕೂರಿಸಿದಾಗ ನಷ್ಟವಾಗುವುದು ಬೇರೆಯೇ ಒಂದು. ನಮ್ಮ ಮನೆಗಳಲ್ಲಿ ಹಿರಿಯರು ತಮಗಾಗಿಯೇ ಪ್ರತ್ಯೇಕವಾಗಿ ಪಟ ತೆಗೆಸಿಕೊಳ್ಳುವುದು ಕಡಿಮೆ. ಮುಂದೊಂದು ದಿನ ಇದೇ ಗುಂಪಿನ ಚಿತ್ರದಿಂದ ಅವರ ಮುಖವನ್ನಷ್ಟೇ ಬಿಡಿಸಿ, ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ ಗೋಡೆಗೆ ತೂಗಹಾಕುತ್ತಾರೆ. ಆಗ ಹೆಗಲ ಮೇಲೆ ಕಾಣುವ ಅಂಗೈಯಗಲದ ಬಟ್ಟೆ ಅಜ್ಜಿಯದಾಗಿರಬೇಕೋ, ಅಂಗಡಿಯದಾಗಿರಬೇಕೋ?

ವಿಜಯಪುರಕ್ಕೆ ಕುಟುಂಬದ ಚಿತ್ರ ಹೊಸದಲ್ಲ. ಆದಿಲಶಾಹಿಯ ಕೊನೆಗಾಲದಲ್ಲಿ, ಸುಮಾರು 1680ರಲ್ಲಿ, ಕಮಾಲ್ ಮುಹಮ್ಮದ್ ಮತ್ತು ಚಾಂದ್ ಮುಹಮ್ಮದ್ ಎಂಬ ಕಲಾವಿದರು ಆ ಮನೆತನದ ಒಂಬತ್ತು ಸುಲ್ತಾನರನ್ನೂ ಒಂದೇ ಕಾಗದದ ಮೇಲೆ ಕೂಡಿಸಿ ಚಿತ್ರಿಸಿದರು. ಆ ಚಿತ್ರ ಇಂದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಕಲಾ ಸಂಗ್ರಹಾಲಯದಲ್ಲಿದೆ. ಮೂಲಪುರುಷ ಯೂಸುಫನು ತೀರಿಕೊಂಡದ್ದು 1510ರಲ್ಲಿ; ಕೊನೆಯವನಾದ ಸಿಕಂದರನು ಚಿತ್ರ ಬರೆದಾಗ ಇನ್ನೂ ಹುಡುಗ. ಕೂಡಿ ಕುಳಿತುಕೊಳ್ಳಲು ಸಾಧ್ಯವೇ ಇಲ್ಲದವರನ್ನು ಕುಂಚ ಕೂಡಿಸಿತು. ಆದರೂ ಕಲಾವಿದರು ಅವರೆಲ್ಲರಿಗೂ ಒಂದೇ ಸಮವಸ್ತ್ರ ತೊಡಿಸಲಿಲ್ಲ. ನಿಲುವಂಗಿಯ ಬಣ್ಣಗಳು ಬೇರೆ ಬೇರೆ. ಮುಂಡಾಸವೂ ಬಂಗಾರದ ಮೆರುಗೂ ಅವರನ್ನು ಒಂದು ಮನೆಯವರೆಂದು ಹೇಳುತ್ತವೆ. ಚಿತ್ರವಾದ ಕೆಲವೇ ವರ್ಷಗಳಲ್ಲಿ, 1686ರಲ್ಲಿ, ಔರಂಗಜೇಬನು ವಿಜಯಪುರವನ್ನು ಗೆದ್ದುಕೊಂಡನು. ರಾಜ್ಯ ಹೋಯಿತು, ಪಟ ಉಳಿಯಿತು.

ಕ್ಯಾಮರಾ ಈ ಊರಿಗೆ ಬಂದದ್ದೂ ಬೇಗನೆಯೇ. ಕರ್ನಲ್ ಬಿಗ್ಸ್ ಮತ್ತು ಮೇಜರ್ ಲಾಕ್ ತೆಗೆದ ಇಲ್ಲಿನ ಕಟ್ಟಡಗಳ ಛಾಯಾಚಿತ್ರಗಳು 1866ರಲ್ಲಿ ಲಂಡನ್ನಿನಲ್ಲಿ ದೊಡ್ಡ ಗ್ರಂಥವಾಗಿ ಪ್ರಕಟವಾದವು. ಗುಮ್ಮಟಕ್ಕೆ ಉಡುಗೆಯ ಚಿಂತೆ ಇರಲಿಲ್ಲ. ಮನುಷ್ಯರು ಕ್ಯಾಮರಾದ ಮುಂದೆ ಕುಳಿತ ಮೇಲೆ ಆ ಚಿಂತೆ ಶುರುವಾಯಿತು.

ಬಣ್ಣವಿಲ್ಲದ ಚಿತ್ರದ ಕಾಲದಲ್ಲಿ ಬಟ್ಟೆಯ ಬಣ್ಣದ ಗೊಡವೆ ಇರಲಿಲ್ಲವೆಂದು ಹಲವರ ಭಾವನೆ. ವಾಸ್ತವವಾಗಿ ಗೊಡವೆ ಹೆಚ್ಚೇ ಇತ್ತು. ಮೊದಲ ಕಾಲದ ಗಾಜಿನ ಫಲಕಗಳು ನೀಲಿ ಬೆಳಕಿಗೆ ಮಾತ್ರ ಚುರುಕಾಗಿ ಸ್ಪಂದಿಸುತ್ತಿದ್ದವು. 1873ರಲ್ಲಿ ಹರ್ಮನ್ ಫೋಗೆಲ್ ಎಂಬ ಜರ್ಮನ್ ವಿಜ್ಞಾನಿ, ಕೆಲವು ವರ್ಣದ್ರವ್ಯಗಳನ್ನು ಬೆರೆಸಿದರೆ ಫಲಕವು ಹಸಿರು ಬೆಳಕನ್ನೂ ಗ್ರಹಿಸುತ್ತದೆಂದು ಕಂಡುಹಿಡಿದನು. ಕೆಂಪನ್ನೂ ಕಾಣಬಲ್ಲ ಫಲಕಗಳು ಮಾರುಕಟ್ಟೆಗೆ ಬರಲು 20ನೆಯ ಶತಮಾನವೇ ಬೇಕಾಯಿತು. ಅಲ್ಲಿಯ ತನಕ ತಿಳಿ ನೀಲಿಯ ಸೀರೆ ಪಟದಲ್ಲಿ ಹೆಚ್ಚುಕಡಿಮೆ ಬಿಳಿ, ಕೆಂಪು ಸೀರೆ ಕಪ್ಪು. ಹಳೆಯ ಪಟಗಳಲ್ಲಿ ಮುತ್ತೈದೆಯರ ಹಣೆಯ ಕುಂಕುಮ ಇದ್ದಿಲಿನ ಬೊಟ್ಟಿನಂತೆ ಕಾಣುವುದು ಇದೇ ಕಾರಣದಿಂದ. ಮುಂದೆ ಎಲ್ಲ ಬಣ್ಣಗಳನ್ನೂ ಕಾಣಬಲ್ಲ ಫಿಲ್ಮು ಬಂದಾಗ ಬೇರೊಂದು ತೊಡಕು: ಕೆಂಪು ಒಡಲಿಗೆ ಹಸಿರಂಚು ಕಣ್ಣಿಗೆ ಹಬ್ಬವಾದರೂ, ಹೊಳಪು ಸಮನಾಗಿದ್ದರೆ ಪಟದಲ್ಲಿ ಎರಡೂ ಒಂದೇ ಬೂದಿ. ಆದ್ದರಿಂದ ಅಂದಿನ ಅನುಭವಸ್ಥ ಛಾಯಾಗ್ರಾಹಕ ಬಟ್ಟೆಯ ಬಣ್ಣಕ್ಕಿಂತ ಅದರ ನೆರಳು-ಬೆಳಕನ್ನು ನೋಡುತ್ತಿದ್ದ. ಒಳ್ಳೆಯ ಕೋಟು ಇಲ್ಲದವರಿಗೆ ಸ್ಟುಡಿಯೋದ ಗೂಟದಲ್ಲಿ ಒಂದು ಕೋಟು ತೂಗುತ್ತಿತ್ತು. ಊರಿನ ಎಷ್ಟು ವರಗಳು ಅದೇ ಒಂದು ಕೋಟಿನೊಳಗೆ ಹೊಕ್ಕು ಹೊರಬಂದವೋ!

ಇಳಕಲ್ ಸೀರೆ ಮಾತ್ರ ಎರಡು ಕಾಲವನ್ನೂ ಗೆದ್ದಿದೆ. ಇಳಕಲ್ ಈಗ ಬಾಗಲಕೋಟೆ ಜಿಲ್ಲೆಯಲ್ಲಿದೆ. 1997ರಲ್ಲಿ ಜಿಲ್ಲೆ ಒಡೆಯುವವರೆಗೂ ಅದು ವಿಜಯಪುರ ಜಿಲ್ಲೆಯದೇ ಊರು. ಆ ಸೀರೆಯ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಬೇರೆ ಬೇರೆಯಾಗಿ ಸಿದ್ಧಪಡಿಸಿ, ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ. ಹೀಗಾಗಿ ಒಡಲು ದಾಳಿಂಬರಿ ಬಣ್ಣದ್ದಿರಲಿ, ಗಿಳಿಹಸಿರಿರಲಿ, ಸೆರಗು ಕೆಂಪಾಗಿಯೇ ಇರಬಲ್ಲದು. ಕೆಂಪಿನ ಮೇಲೆ ಬಿಳಿಯ ತೋಪುತೆನೆ. ಹಳೆಯ ಪಟದಲ್ಲಿ ಆ ಕೆಂಪು ಕಪ್ಪಾಗಿ, ತೆನೆಗಳು ಹಲ್ಲು ಬಿಟ್ಟಂತೆ ಬೆಳ್ಳಗೆ ಎದ್ದು ನಿಂತವು. ಬಣ್ಣದ ಪಟದಲ್ಲಿಯೂ ಅವು ಹಿಂಜರಿಯುವುದಿಲ್ಲ.

ಗೃಹಿಣಿಯರಿಗೆ ಇಲ್ಲಿಯೇ ಒಂದು ದಾರಿ ಸಿಗುತ್ತದೆ. ಮೊದಲು ಮನೆಯ ಹಿರಿಯ ಜೀವ ಏನು ಉಡುವುದೆಂದು ಗೊತ್ತಾಗಲಿ. ಉಳಿದವರ ಬಣ್ಣಗಳನ್ನು ಆ ಸೀರೆಯಿಂದಲೇ ಆಯ್ದುಕೊಂಡರಾಯಿತು. ಅಜ್ಜಿಯದು ಹಸಿರು ಒಡಲಿನ ಇಳಕಲ್ ಎನ್ನೋಣ. ಒಬ್ಬ ಸೊಸೆಗೆ ಅದೇ ಹಸಿರಿನ ತಿಳಿಯಾದ ಛಾಯೆ, ಇನ್ನೊಬ್ಬಳಿಗೆ ತೆನೆಯ ಹಾಲುಬಿಳುಪು, ಮಗಳ ಕುಪ್ಪಸಕ್ಕೆ ಅಂಚಿನ ಕೆಂಪಿನ ಗುಳೇದಗುಡ್ಡದ ಖಣ, ಗಂಡಸರಿಗೆ ಕೋರಾ ಬಣ್ಣದ ಜುಬ್ಬ, ಮೊಮ್ಮಗಳಿಗೆ ಪರಕರ-ಪೋಲಕ. ಕಿರಿಯ ಸೊಸೆ ಬಯಸಿದ ಒಗ್ಗಟ್ಟೂ ಬಂತು, ಅಜ್ಜಿ ಅಜ್ಜಿಯಾಗಿಯೂ ಉಳಿದರು. ಹೊಸ ಬಟ್ಟೆಯ ಖರ್ಚು ಉಳಿದದ್ದು ಮನೆಯ ಯಜಮಾನನಿಗೆ ದೊರೆತ ಹೆಚ್ಚುವರಿ ಲಾಭ.

ಬಣ್ಣದ ಕ್ಯಾಮರಾಕ್ಕೂ ಅದರದೇ ಆದ ಹಠಗಳಿವೆ. ಅಚ್ಚ ಕೆಂಪನ್ನು ಕಂಡರೆ ಅದು ಉನ್ಮತ್ತವಾಗುತ್ತದೆ. ನೇಯ್ಗೆಯ ವಿವರವೆಲ್ಲ ಅಳಿಸಿ ಕೆಂಪಿನ ಮಡುವೊಂದೇ ಉಳಿಯುವುದುಂಟು. ಉಜ್ವಲವಾದ ಸೀರೆ ಬಿಸಿಲಿನಲ್ಲಿ ತನ್ನ ಬಣ್ಣವನ್ನು ಉಟ್ಟವರ ಗಲ್ಲಕ್ಕೂ, ಪಕ್ಕದಲ್ಲಿ ನಿಂತವರ ಬಿಳಿಯ ಅಂಗಿಗೂ ಬಳಿಯುತ್ತದೆ. ತೀರ ಸಣ್ಣ ಚೌಕಡಿ, ತೀರ ಒತ್ತಾದ ಗೆರೆ ಇರುವ ಬಟ್ಟೆ ಡಿಜಿಟಲ್ ಚಿತ್ರದಲ್ಲಿ ನೀರಿನ ಅಲೆಯಂತೆ ನಲುಗಬಹುದು. ಹುಲಿಯ ಮುಖದ ಬನಿಯನ್ನಿನ ಬಗ್ಗೆ ಹೇಳುವುದೇನಿದೆ? ನೋಡುವವರ ಕಣ್ಣು ಮೊದಲು ಹುಲಿಯನ್ನು ನೋಡುತ್ತದೆ, ಆಮೇಲೆ ಹುಡುಗನನ್ನು.

ಅಜ್ಜನ ಧೋತರದ ಸಂಗತಿ ಬೇರೆ. ಹೊಸದಾಗಿ ನೀಲಿ ಹಾಕಿದ ಥಳಥಳಿಸುವ ಬಿಳುಪಿನ ಪಕ್ಕದಲ್ಲಿ ಬಿಸಿಲುಂಡ ಶ್ಯಾಮಲ ಮುಖವಿದ್ದರೆ ಕ್ಯಾಮರಾ ಎರಡರಲ್ಲಿ ಒಂದನ್ನೇ ಸರಿಯಾಗಿ ಕಾಣುತ್ತದೆ: ಧೋತರದ ನಿರಿಗೆ ಉಳಿದರೆ ಮುಖ ಕಪ್ಪಿಡುತ್ತದೆ, ಮುಖ ತಿಳಿಯಾದರೆ ಧೋತರ ಸುಣ್ಣದ ಗೋಡೆಯಾಗುತ್ತದೆ. ನಾಲ್ಕಾರು ಒಗೆತ ಕಂಡು ಮೆತ್ತಗಾದ ಬಿಳುಪೇ ಲೇಸು. ಪಟಕಾ ಖಂಡಿತ ಇರಲಿ. ಆದರೆ ನಡುಹಗಲಿನಲ್ಲಿ ಅದರ ನೆರಳು ಕಣ್ಣಿನ ಮೇಲೆ ಬೀಳುವುದರಿಂದ ಮುಂಜಾನೆಯೋ ಇಳಿಹೊತ್ತೋ ಆಗಬೇಕು.

ಇನ್ನು ಎಲ್ಲಿ ನಿಲ್ಲುವುದು? ನಗರದವರಿಗೆ ಗೋಲಗುಮ್ಮಟವಿದೆ, ಇಬ್ರಾಹಿಂ ರೋಜಾ ಇದೆ, ಬಾರಾಕಮಾನಿದೆ. ಇವೆಲ್ಲ ಕಂದು ಛಾಯೆಯ ಕರಿಗಲ್ಲಿನ ಕಟ್ಟಡಗಳಾದ್ದರಿಂದ ಕಪ್ಪು, ಕಡುನೀಲಿ, ಬೂದು ಬಟ್ಟೆಗಳು ಗೋಡೆಯೊಳಗೆ ಕರಗಿಹೋಗುತ್ತವೆ. ಹಳದಿ, ಕೆಂಪು, ಹಾಲುಬಿಳುಪು ಅರಳುತ್ತವೆ. ಗುಮ್ಮಟ ಪೂರ್ತಿ ಕಾಣಬೇಕೆಂದು ಹಟ ಹಿಡಿದರೆ ಮಾತ್ರ ಮನೆಯವರು ಸಾಸಿವೆ ಕಾಳಾಗುತ್ತಾರೆ. ಮೂರು ಕಾಲಿನ ನಿಲುಗಂಬ ಒಯ್ಯುವವರು ಪುರಾತತ್ತ್ವ ಇಲಾಖೆಯ ಅಪ್ಪಣೆಯನ್ನು ಮೊದಲೇ ವಿಚಾರಿಸುವುದು ಕ್ಷೇಮ. ತಿಕೋಟಾದವರಿಗೆ ದ್ರಾಕ್ಷಿಯ ಚಪ್ಪರದ ಮೇಲೆ ಮಮತೆ ಸಹಜ. ಆದರೆ ಎಲೆಗಳ ಮೂಲಕ ಇಳಿಯುವ ಬೆಳಕು ಮುಖಗಳಿಗೆಲ್ಲ ಹಸಿರು ಬಳಿದು ರೋಗಿಗಳಂತೆ ಮಾಡುತ್ತದೆ. ಚಪ್ಪರದ ಒಳಗಲ್ಲ, ಅದನ್ನು ಬೆನ್ನಿಗಿಟ್ಟುಕೊಂಡು ಹೊರಗೆ ನಿಂತರೆ ಸರಿಹೋದೀತು. ಬಬಲೇಶ್ವರದ ಕಡೆಯ ಎರೆಹೊಲದಲ್ಲಿ ಜನವರಿಯ ಹೊತ್ತಿಗೆ ಬಿಳಿಜೋಳ ಎದೆಯೆತ್ತರ ನಿಂತಿರುತ್ತದೆ. ಅದರ ಬದುವಿನ ಮೇಲೆ ಸಂಜೆ ಐದರ ಬಿಸಿಲಿನಲ್ಲಿ ಇಳಕಲ್ಲಿನ ಸೆರಗು ಕಂಡವರು ಸ್ಟುಡಿಯೋದ ಬಣ್ಣದ ಪರದೆಯನ್ನು ಮತ್ತೆ ಕೇಳಲಾರರು.

ಕಡೆಗೊಂದು ಸಣ್ಣ ಸಂಗತಿಯಿದೆ, ಬಹುಮಂದಿ ಮರೆಯುವಂಥದು. ಇಳಕಲ್ ಸೀರೆಯ ಸೊಗಸೆಲ್ಲ ಸೆರಗಿನಲ್ಲಿದೆ. ಕುರ್ಚಿಯಲ್ಲಿ ಕುಳಿತಾಗ ಆ ಸೆರಗು ಬೆನ್ನಿನ ಹಿಂದೆ ಸಿಕ್ಕಿಕೊಂಡು, ಪಟದಲ್ಲಿ ಒಡಲು ಮಾತ್ರ ಬೀಳುತ್ತದೆ. ಗುಂಡಿ ಒತ್ತುವ ಮೊದಲು ಯಾರಾದರೂ ಅಜ್ಜಿಯ ಬಳಿ ಹೋಗಿ ಸೆರಗಿನ ತುದಿಯನ್ನು ಮುಂದಕ್ಕೆ ತಂದು ತೊಡೆಯ ಮೇಲೆ ಹರವಬೇಕು. ಅಷ್ಟು ಹೊತ್ತಿಗೆ ಅವರೇ ಅದನ್ನು ಎಳೆದುಕೊಂಡು, ತೆನೆಗಳು ಕಾಣುವಂತೆ ಅಂಗೈಯಿಂದ ಸವರಿ ಸರಿಮಾಡಿಕೊಂಡಿದ್ದರೆ ಆಶ್ಚರ್ಯವಿಲ್ಲ.