ಕೆಂಪು ಬಾನೆಟ್ಟು, ಬೂದು ಎಂಜಿನ್ನು

ಹಳೆಯ ಮ್ಯಾಸಿ ಟ್ರ್ಯಾಕ್ಟರಿಗೆ ಎರಡು ಬಣ್ಣ. ಬಾನೆಟ್ಟು, ಮಡ್‌ಗಾರ್ಡು ಕೆಂಪು. ಎಂಜಿನ್ನಿನಿಂದ ಹಿಂದಿನ ಆಕ್ಸಲ್‌ವರೆಗೆ ಬೂದು. ಈಗ ಪೇಟೆಯ ಟಿಂಕರಿಂಗ್ ಶಾಪುಗಳಿಗೆ ಬಿಟ್ಟರೆ ಅವಸರದಲ್ಲಿ ಎಲ್ಲಕ್ಕೂ ಕೆಂಪು ಹೊಡೆದು, ನಟ್ಟು ಬೋಲ್ಟು, ಗ್ರೀಸ್ ನಿಪ್ಪಲ್ಲು, ರಬ್ಬರ್ ಹೋಸನ್ನೂ ಬಿಡದೆ ಒಂದೇ ಬಣ್ಣ ಮಾಡಿ ಕಳಿಸುವುದೇ ಹೆಚ್ಚು. ಮದ್ದೂರು ಕಡೆಯ ಪೇಂಟರ್ ಮೇಸ್ತ್ರಿಯೊಬ್ಬರು ಮಾತ್ರ ಹಾಗೆ ಮಾಡಲು ಸುತರಾಂ ಒಪ್ಪುವುದಿಲ್ಲ ಎಂದು ಕೇಳಿ ಅವರನ್ನು ಹುಡುಕಿಕೊಂಡು ಹೋದೆ.

ಅರವತ್ತು ದಾಟಿದ ಮನುಷ್ಯ. ಇವರಿಗೆ ಅಂಗಡಿ ಎಂಬುದಿಲ್ಲ. ಕಂಪ್ರೆಸರನ್ನು ಲಗೇಜ್ ಆಟೊದಲ್ಲಿ ಹೇರಿಕೊಂಡು ರೈತರ ಮನೆಗೇ ಹೋಗುತ್ತಾರೆ. ಅಂಗಳದಲ್ಲೋ ಕಣದಲ್ಲೋ ಕೆಲಸ. ಅವರ ಹತ್ತಿರ ಎರಡು ಗನ್ನುಗಳಿವೆ. ಡಬ್ಬ ಕೆಳಗಿರುವ ಹಳೆಯದು ಪ್ರೈಮರ್‌ಗೆ, ಡಬ್ಬ ಮೇಲಿರುವುದು ಕೊನೆಯ ಬಣ್ಣಕ್ಕೆ. ಎರಡನೆಯದನ್ನು ಯಾರ ಕೈಗೂ ಕೊಡುವುದಿಲ್ಲ. ಸಂಜೆ ಅದರ ನಾಜಲ್ಲು, ಸೂಜಿ, ಗಾಳಿಯ ಕ್ಯಾಪು ಬಿಚ್ಚಿ ತಿನ್ನರಿನಲ್ಲಿ ತೊಳೆದು ಹತ್ತಿಬಟ್ಟೆಯಲ್ಲಿ ಸುತ್ತಿಟ್ಟ ಮೇಲೆಯೇ ಅವರು ಕೈ ತೊಳೆಯುವುದು.

ನಾನು ಹೋದಾಗ ಅವರು ಕೆಲಸ ಹಿಡಿದಿದ್ದ ರೈತರ ಮನೆಯಲ್ಲಿ ನಿಂತಿದ್ದ ಮ್ಯಾಸಿ 1035 ಯಜಮಾನರ ತಂದೆ ಕೊಂಡದ್ದು. ಎಂಜಿನ್ನಿನ ಕೆಲಸ ಮುಗಿದಿತ್ತು, ಬಾನೆಟ್ಟು ಬಿಸಿಲಿಗೆ ಬೆಳ್ಳಗಾಗಿ ಮುಟ್ಟಿದರೆ ಕೈಗೆ ಪುಡಿ ಹತ್ತುತ್ತಿತ್ತು. ಗೊಬ್ಬರದ ಮೂಟೆ ಇಟ್ಟೂ ಇಟ್ಟೂ ಮಡ್‌ಗಾರ್ಡಿನ ಮಡಿಕೆಗಳಲ್ಲಿ ತುಕ್ಕು ಹಿಡಿದಿತ್ತು. ಯೂರಿಯಾದ ಉಪ್ಪಿಗೂ ತೇವಕ್ಕೂ ತಗಡು ಬಾಳುವುದಿಲ್ಲ. ಬ್ಯಾಟರಿ ಇಡುವ ತಟ್ಟೆಯನ್ನಂತೂ ಆಸಿಡ್ ತಿಂದು ಜರಡಿ ಮಾಡಿತ್ತು.

“ಯಜಮಾನ್ರೇ, ಎಲ್ಲಾ ಕೆಂಪು ಬೇಡಿ. ಇದುಕ್ಕೆ ಹುಟ್ತಾ ಬಂದ ಬಣ್ಣ ಐತೆ, ಹುಡುಕ್ತೀನಿ” ಎಂದ ಮೇಸ್ತ್ರಿ ಮೊದಲು ಕೈ ಹಾಕಿದ್ದು ಟೂಲ್ ಬಾಕ್ಸಿಗೆ. ಅದನ್ನು ಬಿಚ್ಚಿದರೆ ಹಿಂದೆ, ಬಿಸಿಲು ತಾಗದ ಅಂಗೈಯಗಲ ಜಾಗದಲ್ಲಿ ಹಳೆಯ ಬೂದು ಹಾಗೇ ಇತ್ತು. ನಂಬರ್ ಪ್ಲೇಟಿನ ಹಿಂದೆ ಕೆಂಪು ಸಿಕ್ಕಿತು. ಆ ಎರಡೂ ಕಡೆಯಿಂದ ಬಣ್ಣದ ಚೂರು ಎಬ್ಬಿಸಿ, ಕಾಗದದಲ್ಲಿ ಸುತ್ತಿಕೊಂಡು ಬಣ್ಣದಂಗಡಿಗೆ ಹೊರಟರು. ಕೆಂಪಿನ ಡಬ್ಬ ಸುಲಭವಾಗಿ ಸಿಕ್ಕಿತು. ಬೂದಿಗೆ ಮಾತ್ರ ಬಿಳಿ, ಕಪ್ಪು, ಒಂದಿಷ್ಟು ನೀಲಿ, ಎಲ್ಲೋ ಒಂದು ಹನಿ ಹಳದಿ ಸೇರಿಸಿ, ತಗಡಿನ ಮೇಲೆ ಸವರಿ, ಒಣಗಿಸಿ, ಹೊರಗೆ ಬಿಸಿಲಿಗೆ ಹಿಡಿದು ನೋಡಿ, ಮತ್ತೆ ಕಲಸಬೇಕಾಯಿತು. ಹಸಿ ಬಣ್ಣವೂ ಒಣಗಿದ ಬಣ್ಣವೂ ಒಂದೇ ಆಗಿ ಕಾಣುವುದಿಲ್ಲ. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಅವರು ಯಾವ ಬಣ್ಣವನ್ನೂ ಒಪ್ಪುವುದಿಲ್ಲ.

ಈ ಬೂದಿಗೂ ಒಂದು ಕಥೆಯಿದೆ. ಹ್ಯಾರಿ ಫರ್ಗ್ಯೂಸನ್ 1884ರಲ್ಲಿ ಐರ್ಲೆಂಡಿನ ಕೌಂಟಿ ಡೌನ್‌ನ ರೈತರ ಮನೆಯಲ್ಲಿ ಹುಟ್ಟಿದವರು. 1909ರ ಕೊನೆಯ ದಿನ ತಾವೇ ಕಟ್ಟಿದ ವಿಮಾನ ಹಾರಿಸಿದ ಸಾಹಸಿ. ನೇಗಿಲನ್ನು ಹಿಂದೆ ಕಟ್ಟಿ ಎಳೆಯುವ ಬದಲು ಮೂರು ಕಡೆ ಜೋಡಿಸಿ, ಹೈಡ್ರಾಲಿಕ್ಕಿನಿಂದ ಎತ್ತಿ ಇಳಿಸುವ ಏರ್ಪಾಡನ್ನು ರೂಪಿಸಿದವರು ಅವರು. ಇವತ್ತು ನಮ್ಮೂರುಗಳಲ್ಲಿ ಕಲ್ಟಿವೇಟರನ್ನೋ ರೋಟವೇಟರನ್ನೋ ಸಿಕ್ಕಿಸುವುದು ಆ ಮೂರು ಕೊಂಡಿಗಳಿಗೇ. 1933ರ ಅವರ ಮೊದಲ ಮಾದರಿ ಕಪ್ಪು ಬಣ್ಣದ್ದು. ಆಮೇಲೆ ಮಾರಾಟಕ್ಕೆ ಬಂದವು ಬೂದು. 1946ರಿಂದ 1956ರವರೆಗೆ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ತಯಾರಾದ ಅವರ ಟಿಇ20 ಟ್ರ್ಯಾಕ್ಟರು 5 ಲಕ್ಷಕ್ಕೂ ಹೆಚ್ಚು. ಅಲ್ಲಿನ ರೈತರು ಅದನ್ನು ಬೂದು ಬಣ್ಣದಿಂದಲೇ ಗುರುತಿಸುತ್ತಿದ್ದರು. 1953ರಲ್ಲಿ ಫರ್ಗ್ಯೂಸನ್ನರ ಸಂಸ್ಥೆ ಕೆನಡಾದ ಮ್ಯಾಸಿ-ಹ್ಯಾರಿಸ್ ಜೊತೆ ಸೇರಿತು. ಮ್ಯಾಸಿಯವರದು ಕೆಂಪು. ಕೆಲವು ವರ್ಷ ಎರಡೂ ಬಣ್ಣ ಬೇರೆ ಬೇರೆಯಾಗಿಯೇ ನಡೆದು, ಆ ದಶಕದ ಕೊನೆಗೆ ಹೊರಬಂದ ಎಂಎಫ್ 35ರಲ್ಲಿ ತಗಡೆಲ್ಲ ಕೆಂಪು, ಎಂಜಿನ್ನು ಬೂದು ಎಂದಾಯಿತು. 1958ರ ಜನವರಿಯಲ್ಲಿ ಎಡ್ಮಂಡ್ ಹಿಲರಿ ದಕ್ಷಿಣ ಧ್ರುವ ತಲುಪಿದ್ದೂ ಫರ್ಗ್ಯೂಸನ್ ಟ್ರ್ಯಾಕ್ಟರುಗಳಲ್ಲೇ. 1960ರಲ್ಲಿ ಮದರಾಸಿನಲ್ಲಿ ಟಾಫೆ ಕಂಪನಿ ಹುಟ್ಟಿ ಮ್ಯಾಸಿ ಫರ್ಗ್ಯೂಸನ್ ನಮ್ಮ ಹೊಲಗಳಿಗೆ ಬರುವ ದಾರಿ ತೆರೆಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಫರ್ಗ್ಯೂಸನ್ ತೀರಿಕೊಂಡರು. ಮೇಸ್ತ್ರಿಗೆ ಇದನ್ನೆಲ್ಲ ಹೇಳಿದೆ. ಸುಮ್ಮನೆ ಕೇಳಿಸಿಕೊಂಡು, “ಅಂಗಾರೆ ಈ ಬೂದು ಆವಯ್ಯಂದು ಅನ್ನಿ” ಎಂದರು. ಆ ಮಾತಿನ ನಂತರ ಎಂಜಿನ್ ಬ್ಲಾಕಿನ ಮೇಲೆ ಅವರ ಕೈ ಇನ್ನಷ್ಟು ನಿಧಾನವಾಯಿತೆಂದು ನನಗೆ ಅನ್ನಿಸಿತು.

ಬಣ್ಣ ಹೊಡೆಯುವ ಕೆಲಸದಲ್ಲಿ ಬಹುಪಾಲು ಬಣ್ಣವೇ ಇರುವುದಿಲ್ಲ. ವರ್ಷಗಟ್ಟಲೆ ಕೂತ ಗ್ರೀಸು, ಮಣ್ಣು, ಆಯಿಲ್ಲು ಸೇರಿ ಗಟ್ಟಿಯಾದದ್ದನ್ನು ಮೊದಲು ಪಟ್ಟಿಯಿಂದ ಕೆತ್ತಬೇಕು. ಆಮೇಲೆ ಡೀಸೆಲ್ಲಿನಲ್ಲಿ ತೊಳೆಯುತ್ತಾರೆ. ಇಲ್ಲಿಗೇ ಮುಗಿಸಿಬಿಟ್ಟರೆ ಕೆಲಸ ಕೆಟ್ಟಿತೆಂದೇ ಲೆಕ್ಕ. ಡೀಸೆಲ್ಲಿನ ಜಿಡ್ಡು ಕಣ್ಣಿಗೆ ಕಾಣದಷ್ಟು ಉಳಿದರೂ ಬಣ್ಣ ಅಲ್ಲಿ ಹಿಂದೆ ಸರಿದು ಸಣ್ಣ ಸಣ್ಣ ಗುಳಿ ಬೀಳುತ್ತದೆ. ಅದಕ್ಕೆ ಬಿಸಿನೀರು, ವಾಷಿಂಗ್ ಸೋಡಾ ಹಾಕಿ ಮತ್ತೆ ತೊಳೆದು, ಒಣಗಿದ ಮೇಲೆ ತಿನ್ನರ್ ಬಟ್ಟೆಯಲ್ಲಿ ಒರೆಸುತ್ತಾರೆ. ಗ್ರೀಸ್ ನಿಪ್ಪಲ್ಲುಗಳಿಗೆ ಒಂದು ಚೂರು ಗ್ರೀಸು ಸವರಿ ಬಿಡುವುದು ಮಾತ್ರ ಬೇಕೆಂದೇ. ಕೊನೆಗೆ ಒರೆಸಿದರೆ ಅಲ್ಲಿ ಬಣ್ಣ ಹಿಡಿದಿರುವುದಿಲ್ಲ. ಛಾಸಿ ನಂಬರಿನ ಮೇಲೆ ಟೇಪು ಬೀಳಲೇಬೇಕು. ನೋಂದಣಿ ನವೀಕರಣಕ್ಕೆ ಹೋದಾಗ ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರೆ ಆ ಅಂಕಿಗಳು ಮೂಡಬೇಕು. ಬಣ್ಣ, ಪುಟ್ಟಿ ತುಂಬಿ ಮುಚ್ಚಿಹೋದರೆ ರೈತ ಕಚೇರಿಯಿಂದ ಕಚೇರಿಗೆ ಅಲೆಯಬೇಕಾಗುತ್ತದೆ. ರೇಡಿಯೇಟರಿನ ಜಾಲಿಗೆ ಕಾಗದ ಕಟ್ಟುತ್ತಾರೆ, ಅಲ್ಲಿ ಬಣ್ಣ ತುಂಬಿದರೆ ಎಂಜಿನ್ನು ಬಿಸಿಯಾಗುತ್ತದೆ. ಸೈಲೆನ್ಸರಿಗೆ ಬಿಸಿ ತಡೆಯುವ ಬೇರೆ ಬಣ್ಣವೇ ಆಗಬೇಕು.

ತುಕ್ಕು ಉಜ್ಜುವುದು, ಪ್ರೈಮರ್, ಪುಟ್ಟಿ, ನೀರು ಹಾಕುತ್ತ ಎಮೆರಿ ಕಾಗದದಲ್ಲಿ ತಿಕ್ಕುವುದು ಇವೆಲ್ಲ ಎಲ್ಲ ಕಡೆ ಇರುವಂಥವೇ. ಒಂದು ಉಪಾಯ ಮಾತ್ರ ಹೇಳಬೇಕು. ಪ್ರೈಮರಿನ ಮೇಲೆ ಕಪ್ಪು ಬಣ್ಣವನ್ನು ಮಂಜಿನ ಹಾಗೆ ತೆಳ್ಳಗೆ ಹಾರಿಸಿ, ಒಣಗಿದ ಮೇಲೆ ಉಜ್ಜುತ್ತಾರೆ. ಉಬ್ಬಿದ ಕಡೆ ಕಪ್ಪು ಮೊದಲು ಹೋಗುತ್ತದೆ, ತಗ್ಗಿನಲ್ಲಿ ಉಳಿಯುತ್ತದೆ. ಬೆರಳಿಗೂ ಸಿಗದ ತಗ್ಗು ಹೀಗೆ ಕಣ್ಣಿಗೆ ಕಾಣುತ್ತದೆ.

ಅಂಗಳದಲ್ಲಿ ಬಣ್ಣ ಹೊಡೆಯುವವನಿಗೆ ದಿನದಲ್ಲಿ ಸಿಗುವುದು ಕೆಲವೇ ಗಂಟೆ. ಬೆಳಿಗ್ಗೆ ಇಬ್ಬನಿಯ ತೇವ ತಗಡಿನ ಮೇಲಿರುತ್ತದೆ. ಅದು ಆರುವವರೆಗೆ ಕಾಯಬೇಕು. ಬಿಸಿಲೇರಿದ ಮೇಲೆ ಗಾಳಿ ಎದ್ದು ದೂಳು ಬರುತ್ತದೆ. ಈ ನಡುವಿನ ಹೊತ್ತಿಗೆ ಕರೆಂಟೂ ಇರಬೇಕು. ಆಯುಧಪೂಜೆಗೆ ಮುಂಚೆ ಮಾಡಿಕೊಡಿ ಎಂದು ಎಲ್ಲರೂ ಕೇಳುತ್ತಾರಂತೆ. ಮೇಸ್ತ್ರಿ ಸಂಕ್ರಾಂತಿ ಕಳೆಯಲಿ ಎನ್ನುತ್ತಾರೆ. ಬೇಗ ಆರುವ ಎನ್‌ಸಿ (ನೈಟ್ರೊಸೆಲ್ಯುಲೋಸ್) ಬಣ್ಣ ಹಸಿ ಹವೆಯಲ್ಲಿ ಮಸುಕಾಗಿ ಬಿಳಿ ಪೊರೆ ಕಟ್ಟುತ್ತದೆ, ಎನಾಮಲ್ಲಾದರೆ ಆರುವುದೇ ಇಲ್ಲ.

ನೆಲಕ್ಕೆ ನೀರು ಚಿಮುಕಿಸಿ ದೂಳು ಅಡಗಿಸಿದರು. ಬಿಚ್ಚಿದ ಬಾನೆಟ್ಟನ್ನು ಬಿದಿರಿನ ಗೂಟಗಳ ಮೇಲೆ ಎತ್ತರಕ್ಕೆ ಕೂರಿಸಿದರು. ಕಂಪ್ರೆಸರಿನ ತಳದ ತಿರುಪು ಬಿಟ್ಟು ಒಳಗೆ ಕೂಡಿದ್ದ ನೀರು ಹರಿಸಿದರು. ಅದರ ಒಂದು ಹನಿ ಗಾಳಿಯ ಜೊತೆ ಬಂದರೂ ಬಣ್ಣದಲ್ಲಿ ಗುಳ್ಳೆ. ಬಣ್ಣ ಎಷ್ಟು ತೆಳ್ಳಗಿರಬೇಕೆಂದು ಅಳೆಯಲು ಬಿ4 ಕಪ್ ಎಂಬುದೊಂದಿದೆ, ಎಷ್ಟು ಸೆಕೆಂಡಿನಲ್ಲಿ ಸೋರಿತೆಂದು ನೋಡುವುದು. ಇವರು ಕಡ್ಡಿ ಅದ್ದಿ ಎತ್ತಿ, ದಾರ ಹರಿದು ಹನಿಯಾಗುವುದನ್ನು ನೋಡಿ ನಿಶ್ಚಯಿಸುತ್ತಾರೆ. ಹಳೆ ಪಂಚೆಯಲ್ಲಿ ಸೋಸಿ, ಮೊದಲು ನ್ಯೂಸ್‌ಪೇಪರಿನ ಮೇಲೆ ಹೊಡೆದು ಬೀಸು ಸರಿಯಾಗಿದೆಯೇ ಎಂದು ಪರೀಕ್ಷಿಸಿದರು.

ಆಮೇಲಿನದು ಬರೆದು ತಿಳಿಸುವುದು ಕಷ್ಟ. ಗನ್ನಿಗೂ ತಗಡಿಗೂ ಒಂದು ಗೇಣು ಅಂತರ, ಅದು ಎಲ್ಲೂ ಹೆಚ್ಚು ಕಡಿಮೆ ಆಗುವುದಿಲ್ಲ. ಮಣಿಕಟ್ಟು ತಿರುಗುವುದಿಲ್ಲ, ಇಡೀ ತೋಳು, ಬಾನೆಟ್ಟಿನ ಉದ್ದಕ್ಕೆ ಕಾಲೂ ಜೊತೆಗೆ ಚಲಿಸುತ್ತವೆ. ತಗಡು ಶುರುವಾಗುವ ಮುನ್ನವೇ ಕೈ ಹೊರಟಿರುತ್ತದೆ, ತಗಡು ಮುಗಿದ ಮೇಲೆ ಗನ್ನಿನ ಕುದುರೆ ಬಿಡುತ್ತಾರೆ. ಪ್ರತಿ ಸಾಲೂ ಹಿಂದಿನ ಸಾಲಿನ ಅರ್ಧ ಮುಚ್ಚಬೇಕು. ಮೊದಲ ಕೈ ತೆಳ್ಳಗೆ, ಅಂಟು ಬರುವಷ್ಟು. ಅದು ಸ್ವಲ್ಪ ಆರಿದ ಮೇಲೆ ಎರಡನೆಯದು, ಹಸಿಯಾಗಿ. ನಿಧಾನ ಮಾಡಿದರೆ ಬಣ್ಣ ಇಳಿಯುತ್ತದೆ, ಅವಸರ ಮಾಡಿದರೆ ಕಿತ್ತಳೆ ಸಿಪ್ಪೆಯಂತೆ ಒರಟಾಗುತ್ತದೆ. ಮೇಸ್ತ್ರಿ ಬಣ್ಣವನ್ನು ನೋಡುವುದಿಲ್ಲ, ಹಸಿ ಬಣ್ಣದ ಮೇಲೆ ಆಕಾಶದ ಬಿಂಬ ಎಲ್ಲಿ ಮುರಿಯಿತೆಂದು ನೋಡುತ್ತಾರೆ. ಆ ಹೊತ್ತಿನಲ್ಲಿ ಮಾತಿಲ್ಲ.

ಬಣ್ಣದ ಗನ್ನು ಮೊದಲು ವೈದ್ಯರ ಮನೆಯಲ್ಲಿ ಹುಟ್ಟಿದ್ದು ಎಂದರೆ ಅಚ್ಚರಿಯಾದೀತು. ಅಮೆರಿಕದ ಟೊಲೆಡೊ ನಗರದ ಗಂಟಲು ವೈದ್ಯ ಅಲೆನ್ ಡಿವಿಲ್ಬಿಸ್ 19ನೇ ಶತಮಾನದ ಕೊನೆಯಲ್ಲಿ ರೋಗಿಗಳ ಗಂಟಲಿಗೆ ಔಷಧಿ ಸಿಂಪಡಿಸುವ ಸಾಧನ ಮಾಡಿದರು. ಮಗ ಥಾಮಸ್ 1907ರಲ್ಲಿ ಅದೇ ತತ್ವವನ್ನು ಬಣ್ಣಕ್ಕೆ ಹೊಂದಿಸಿದರು. ಗಂಟಲು ಗುಣಪಡಿಸಲು ಹೊರಟ ಆ ಸಾಧನವೇ ಇಂದು ಪೇಂಟರುಗಳ ಎದೆ ಕೆಡಿಸುತ್ತಿದೆ ಎಂಬುದು ನನಗೆ ಬಹಳ ನೋವಿನ ಸಂಗತಿ. ಹಳೆಯ ಮಾದರಿಯ ಗನ್ನಿನಲ್ಲಿ ಅರ್ಧಕ್ಕಿಂತ ಹೆಚ್ಚು ಬಣ್ಣ ತಗಡಿಗೆ ಹತ್ತದೆ ಗಾಳಿಗೆ ಹೋಗುತ್ತದೆ. ಹಾರ್ಡನರ್ ಬೆರೆಸುವ ಪಿಯು (ಪಾಲಿಯುರೆಥೇನ್) ಬಣ್ಣದಲ್ಲಿ ಐಸೊಸಯನೇಟ್ ಇರುತ್ತದೆ. ಅದನ್ನು ಉಸಿರಾಡಿದವರಿಗೆ ಆಸ್ತಮಾ ಅಂಟಿಕೊಳ್ಳಬಹುದು. ಮೂಗಿಗೆ ಕಟ್ಟಿದ ಟವೆಲ್ಲು ಅದನ್ನು ತಡೆಯುವುದಿಲ್ಲ. ಪಿಯು ಗಟ್ಟಿ, ಹೊಳಪೂ ಹೆಚ್ಚು. ಆದರೂ ಮಕ್ಕಳು ಓಡಾಡುವ, ದನ ಕಟ್ಟುವ ಮನೆಯಂಗಳದಲ್ಲಿ ಮೇಸ್ತ್ರಿ ಅದನ್ನು ಹೊಡೆಯುವುದಿಲ್ಲ. ಎನಾಮಲ್ಲೇ ಸಾಕು ಎನ್ನುತ್ತಾರೆ. ಹಾಗೆಂದು ಎನಾಮಲ್ಲಿನ ತಿನ್ನರು ನಿರಪಾಯವಲ್ಲ. ಕಾರ್ಟ್ರಿಡ್ಜ್ ಇರುವ ಮಾಸ್ಕ್ ಇಂಥವರ ಕೈಗೆ ತಲುಪಿಸುವುದು ದೊಡ್ಡ ಖರ್ಚಿನ ಕೆಲಸವೇನಲ್ಲ. ಬಣ್ಣ ಮಾರುವವರು, ಪಂಚಾಯಿತಿಯವರು, ಬಣ್ಣ ಹೊಡೆಸುವವರು ಯಾರಾದರೂ ಮಾಡಬಹುದು. ಮಾಡಬೇಕು.

ಹಳೆಯ ಟ್ರ್ಯಾಕ್ಟರುಗಳೂ ಕಡಿಮೆಯಾಗುತ್ತಿವೆ. 1971ರಲ್ಲಿ ಟ್ರ್ಯಾಕ್ಟರ್ ತಯಾರಿಕೆಗಿಳಿದ ನಮ್ಮ ಬೆಂಗಳೂರಿನ ಎಚ್‌ಎಂಟಿ ಆ ವಿಭಾಗವನ್ನು ಮುಚ್ಚಿಯಾಗಿದೆ. ಉಳಿದ ಹಳೆಯ ಗಾಡಿಗಳು ನೀರಿನ ಟ್ಯಾಂಕರ್ ಎಳೆಯುತ್ತ, ಆಮೇಲೆ ಗುಜರಿ ಸೇರುತ್ತವೆ. ಈ ಮನೆಯ ಯಜಮಾನರಿಗೂ ಸಾಲದಲ್ಲಿ ತಂದ ಹೊಸ ಟ್ರ್ಯಾಕ್ಟರಿದೆ. ಇದಕ್ಕೆ ಹಾಕಿದ ದುಡ್ಡು ಮಾರಿದರೆ ಹುಟ್ಟುವುದಿಲ್ಲವೆಂದು ಅವರಿಗೆ ಗೊತ್ತು. “ಅಪ್ಪ ಇದ್ರಲ್ಲೇ ನಮ್ಮನ್ನ ಸಾಕಿದ್ದು” ಎಂದಷ್ಟೇ ಹೇಳಿದರು.

ಕೆಲಸ ಕಲಿಯಲು ಹುಡುಗರು ಬರುತ್ತಾರೆಯೇ ಎಂದು ಮೇಸ್ತ್ರಿಯನ್ನು ಕೇಳಿದೆ. “ಬತ್ತಾರೆ ಸಾರ್. ಬಂದೇಟ್ಗೆ ಗನ್ ಕೇಳ್ತಾರೆ. ಮೊದ್ಲು ಆರ್ ತಿಂಗ್ಳು ನೀರ್ ಹಾಕ್ಕಂಡು ಉಜ್ಜಪ್ಪ, ಆಮೇಲ್ ಕೊಡ್ತೀನಿ ಅಂತೀನಿ.” ಹಾಗೆ ಉಜ್ಜಲು ನಿಂತವರಲ್ಲಿ ಒಬ್ಬ ಬಿಡದಿ ಕಡೆಯ ಕಾರ್ಖಾನೆಗೆ ಹೋದ, ಇನ್ನೊಬ್ಬ ಬೆಂಗಳೂರಿನಲ್ಲಿ ಆಟೊ ಓಡಿಸುತ್ತಾನೆ. ಈ ಸಂಕ್ರಾಂತಿಯ ಮೇಲೆ ಯಾರೂ ಬಂದಿಲ್ಲ.