ನಡಿಗೆಯೂ ಒಂದು ವಿದ್ಯೆ

ಕೂಸು ಮಗುಚಿಕೊಂಡಿತು, ಅಂಬೆಗಾಲಿಕ್ಕಿತು, ಗೋಡೆ ಹಿಡಿದು ನಿಂತಿತು ಎಂದು ನಾವೆಲ್ಲ ಹಿಗ್ಗುತ್ತೇವೆ. ಇವೆಲ್ಲ ತಾವಾಗಿಯೇ ಬಂದವು ಎಂದೂ ಎಣಿಸುತ್ತೇವೆ. ನಿಜವಾಗಿ ನೋಡಿದರೆ, ಬಿದ್ದು ಎದ್ದು ನೂರಾರು ಸಲ ಸಾಧನೆಮಾಡಿ ಕೂಸು ಗಳಿಸಿಕೊಂಡ ವಿದ್ಯೆ ಅದು.

ಈ ವಿದ್ಯೆ ಸುಲಭವಾಗಿ ಕೈಗೂಡದ ಮಕ್ಕಳೂ ಉಂಟು. ಹುಟ್ಟುವ ಮುನ್ನವೋ, ಹುಟ್ಟುವಾಗಲೋ, ತೀರ ಎಳವೆಯಲ್ಲೋ ಮಿದುಳಿಗೆ ಧಕ್ಕೆ ತಗಲಿ, ಕೈಕಾಲುಗಳು ಹೇಳಿದಂತೆ ಕೇಳದ ಈ ಸ್ಥಿತಿಯನ್ನು ವೈದ್ಯರು ಸೆರೆಬ್ರಲ್ ಪಾಲ್ಸಿ ಎನ್ನುತ್ತಾರೆ. ಇಂಥ ಮಗು ರೋಗಿಯೋ, ವಿದ್ಯಾರ್ಥಿಯೋ? ವಿದ್ಯಾರ್ಥಿಯೇ ಎಂದು ಉತ್ತರಕೊಟ್ಟವರು ಹಂಗೆರಿಯ ವೈದ್ಯ ಆಂದ್ರಾಶ್ ಪೆಟೊ (1893–1967). ಎರಡನೆಯ ಮಹಾಯುದ್ಧ ಮುಗಿದ 1945ರಲ್ಲಿ ಅವರು ಬುಡಾಪೆಸ್ಟ್ ನಗರದಲ್ಲಿ ಇಂಥ ಮಕ್ಕಳಿಗೆ ಕಲಿಸತೊಡಗಿದರು. 1950ರಲ್ಲಿ ಅದಕ್ಕಾಗಿ ಸರಕಾರದ ಸಂಸ್ಥೆಯೇ ಸ್ಥಾಪನೆಯಾಯಿತು. ಅವರ ತರುವಾಯ ಶಿಷ್ಯೆ ಮಾರಿಯಾ ಹಾರಿ ಅದನ್ನು ಮುನ್ನಡೆಸಿದರು.

ಸಾಮಾನ್ಯವಾಗಿ ಕಾಲಿಗೆ ಒಬ್ಬರು, ಮಾತಿಗೆ ಇನ್ನೊಬ್ಬರು, ಅಕ್ಷರಕ್ಕೆ ಮತ್ತೊಬ್ಬರು ಎಂದು ಮಗುವನ್ನು ಹಂಚಿಕೊಳ್ಳುವುದುಂಟು. ಪೆಟೊ ಪದ್ಧತಿಯಲ್ಲಿ ಇವೆಲ್ಲವನ್ನೂ ನೋಡಿಕೊಳ್ಳುವವರು ‘ಕಂಡಕ್ಟರ್’ ಎಂಬ ಶಿಕ್ಷಕರು. ಬಸ್ಸಿನ ಕಂಡಕ್ಟರಲ್ಲ, ಎಲ್ಲರನ್ನೂ ಕೂಡಿಸಿ ನಡೆಸುವವರು ಎಂದರ್ಥ. ಮಕ್ಕಳು ಗುಂಪಾಗಿ ಕಲಿಯುತ್ತಾರೆ. ಏಳುವುದು, ಮುಖ ತೊಳೆಯುವುದು, ಅಂಗಿ ತೊಡುವುದು, ಉಣ್ಣುವುದು ಎಲ್ಲವೂ ಪಾಠವೇ. ಮರದ ಪಟ್ಟಿಗಳ ಮಂಚದ ಸಂದಿನಲ್ಲಿ ಬೆರಳು ಹೊಗಿಸಿ ಹಿಡಿಯಬಹುದು. ಏಣಿಯಂಥ ಬೆನ್ನುಳ್ಳ ಕುರ್ಚಿಯನ್ನು ತಳ್ಳಿಕೊಂಡು ಹೆಜ್ಜೆಯಿಡಬಹುದು.

ಎಲ್ಲಕ್ಕಿಂತ ಸ್ವಾರಸ್ಯವಾದುದು ಮಾತಿನ ಉಪಯೋಗ. ‘ನಾನು ಕೈ ಎತ್ತುತ್ತೇನೆ’ ಎಂದು ಮಗು ಮೊದಲು ಬಾಯಿಬಿಟ್ಟು ಹೇಳಬೇಕು. ಆಮೇಲೆ ‘ಒಂದು, ಎರಡು, ಮೂರು, ನಾಲ್ಕು, ಐದು’ ಎಂದು ಎಣಿಸುತ್ತ ಎತ್ತಬೇಕು. ಮಾತು ಮುಂದೆ, ಕೈ ಹಿಂದೆ. ‘ಹಾಡುತ್ತಾ ಹಾಡುತ್ತಾ ರಾಗ’ ಎಂಬ ಗಾದೆಯನ್ನು ಬಲ್ಲ ನಮಗೆ ಇದು ಹೊಸದೇನಲ್ಲ. ಪಾರ್ಕಿನ್ಸನ್ ಕಾಯಿಲೆಯ ಹಿರಿಯರಿಗೂ ಈ ಕ್ರಮವನ್ನು ಬಳಸಿದ್ದಾರೆ.

1986ರಲ್ಲಿ ಬಿ.ಬಿ.ಸಿ. ಇದನ್ನು ಕುರಿತು ಒಂದು ಚಿತ್ರ ತೋರಿಸಿದ ಮೇಲೆ ಇಂಗ್ಲೆಂಡಿನ ಅನೇಕ ತಾಯಿತಂದೆಗಳು ಮಕ್ಕಳೊಡನೆ ಬುಡಾಪೆಸ್ಟಿಗೆ ಧಾವಿಸಿದರು. ಆದರೆ ಬರ್ಮಿಂಗ್‌ಹ್ಯಾಮಿನ ಮಕ್ಕಳನ್ನು ಪರೀಕ್ಷಿಸಿ 1993ರಲ್ಲಿ ಪ್ರಕಟವಾದ ವರದಿಯು, ಈ ಪದ್ಧತಿ ಅಲ್ಲಿನ ವಿಶೇಷ ಶಾಲೆಗಳ ಶಿಕ್ಷಣಕ್ಕಿಂತ ಮೇಲೆಂದು ಕಂಡುಬರಲಿಲ್ಲ ಎಂದಿತು. ಮಿದುಳಿನ ಧಕ್ಕೆಯನ್ನು ಅಳಿಸುವ ಮಂತ್ರ ಇದಲ್ಲ. ಮಂತ್ರ ಮಾರುವವರ ಬಾಗಿಲಿಗೆ ಮನೆಯ ಹಣವನ್ನೆಲ್ಲ ಸುರಿಯುವ ಮುನ್ನ ನಾವು ಇದನ್ನು ನೆನೆಯಬೇಕು. ಎಲ್ಲ ಮಕ್ಕಳೂ ನಡೆದೇ ತೀರಬೇಕೆಂಬ ಹಟವೂ ಸಲ್ಲದು. ಗಾಲಿಕುರ್ಚಿಯಲ್ಲಿ ಕುಳಿತು ಶಾಲೆಗೆ ಹೋಗುವ ಮಗುವಿಗೆ ಯಾವ ಕೊರತೆಯೂ ಇಲ್ಲ. ಕೊರತೆ ಮೆಟ್ಟಿಲುಗಳನ್ನಷ್ಟೇ ಕಟ್ಟಿದ ನಮ್ಮದು.

ಹಾಗಾದರೆ ನಮಗೆ ಉಳಿಯುವುದೇನು? ಕಾಯುವ ತಾಳ್ಮೆ. ಪರಸ್ಥಳದ ನಮ್ಮ ಸಂಸಾರಗಳಲ್ಲಿ ಬೆಳಗಿನ ಗಡಿಬಿಡಿ ಎಲ್ಲರೂ ಬಲ್ಲರು. ಅತ್ತ ಲೋಕಲ್ ಗಾಡಿ, ಇತ್ತ ಶಾಲೆಯ ಬಸ್ಸು. ನೆರವಿಗೆ ಅಜ್ಜಿಯಿಲ್ಲ, ಅತ್ತೆಯಿಲ್ಲ. ಮಗುವಿನ ಗುಂಡಿಯನ್ನು ತಾಯಿಯೇ ಹಾಕುತ್ತಾಳೆ, ತುತ್ತನ್ನು ತಾನೇ ಇಡುತ್ತಾಳೆ. ಅದು ಪ್ರೀತಿಯೇ; ಆದರೆ ಮಗುವಿನ ಪಾಠ ಅಲ್ಲಿಗೆ ತಪ್ಪಿತು. ವೈದ್ಯರ ಮತ್ತು ವ್ಯಾಯಾಮ ಕಲಿಸುವವರ ಸಲಹೆ ಪಡೆದು, ದಿನಕ್ಕೆ ಒಂದು ಕೆಲಸವನ್ನಾದರೂ ಮಗುವಿಗೇ ಬಿಡೋಣ. ಇಂದು ಒಂದು ತೋಳು ಅಂಗಿಯೊಳಗೆ ಹೋದರೂ ಸಾಕು.

ಇನ್ನೊಂದು ಮಾತು. ಕೈಗೆ ದಾರಿ ತೋರುವುದು ಮಾತಾದರೆ, ಆ ಮಾತು ಮಗುವಿಗೆ ಚೆನ್ನಾಗಿ ತಿಳಿದ ಮಾತಾಗಿರಬೇಕು. ಹೊರಗೆ ಮರಾಠಿಯಿರಲಿ, ತಮಿಳಿರಲಿ, ಹಿಂದಿಯಿರಲಿ, ಮನೆಯೊಳಗೆ ಕನ್ನಡ ಆಡುವ ಮಗು ಕನ್ನಡದಲ್ಲೇ ಎಣಿಸಲಿ. ಐದರವರೆಗೆ ಎಣಿಸುವಷ್ಟು ಹೊತ್ತು ನಾವು ಕೈಕಟ್ಟಿ ನಿಲ್ಲುವುದನ್ನು ಕಲಿಯೋಣ.